ಮಂದಾರ್ತಿ ಅಮ್ಮನೂ ಹತ್ತು ಸಮಸ್ತರೂ

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಉಪನ್ಯಾಸ)



ಸಹಕಾರಿ ಸಂಘದ ಸಭೆಯಲ್ಲಿ ದೇವಸ್ಥಾನದ ಮಾತು ಎಂತಕೆ ಎಂದು ಕೆಲವರಿಗೆ ಅನ್ನಿಸಬಹುದು. ಕಾರಣ ಉಂಟು, ಕಡೆಗೆ ಹೇಳುತ್ತೇನೆ.

ಬ್ರಹ್ಮಾವರ ತಾಲೂಕಿನ ಮಂದಾರ್ತಿಯ ಶ್ರೀ ದುರ್ಗಾಪರಮೇಶ್ವರಿ ನಮ್ಮ ಬಾಯಲ್ಲಿ ಬರೀ 'ಮಂದರ್ತಿ ಅಮ್ಮ'. ಸ್ಥಳಪುರಾಣದ ಪ್ರಕಾರ ನಾಗರಾಜ ಶಂಖಚೂಡನ ಐವರು ಪುತ್ರಿಯರು ಶಾಪದಿಂದ ಹಾವುಗಳಾಗಿ ಬೆಂಕಿಗೆ ಸಿಕ್ಕಿದರು. ದೇವವರ್ಮನೆಂಬ ಅರಸ ಅವರನ್ನು ಉಳಿಸಿದ. ಮಂದಾರತಿ ಸೇರಿದ ಊರು ಮಂದಾರ್ತಿ, ನೀಲರತಿ ಸೇರಿದ್ದು ನೀಲಾವರ. ಹಾಗಾಗಿ ಇಲ್ಲಿ ದೇವಿಯ ಜೊತೆಗೆ ನಾಗನಿಗೂ ನಡೆದುಕೊಳ್ಳುತ್ತಾರೆ. ಫೆಬ್ರವರಿ ಹೊತ್ತಿಗೆ ಬರುವ ಜಾತ್ರೆಯಲ್ಲಿ ಕೆಂಡಸೇವೆ. ಹರಕೆ ಹೊತ್ತವರು ಬರಿಗಾಲಲ್ಲಿ ಕೆಂಡ ಹಾಯುತ್ತಾರೆ.

ಆದರೆ ಅಮ್ಮನಿಗೆ ದೊಡ್ಡ ಸೇವೆ ಎಂದರೆ ಆಟ. ದೇವಸ್ಥಾನದ ಐದು ಮೇಳಗಳು ದೀಪಾವಳಿ ಕಳೆದ ಮೇಲೆ ತಿರುಗಾಟಕ್ಕೆ ಹೊರಟರೆ ಮಳೆಗಾಲ ಹತ್ತಿರವಾಗುವವರೆಗೆ ಊರೂರಲ್ಲಿ ಬಡಗುತಿಟ್ಟಿನ ಬಯಲಾಟ. ಮೇಳದ ಗಣಪತಿ ಬಂತೆಂದರೆ ಅಮ್ಮನೇ ಬಂದ ಹಾಗೆ. ಚೌಕಿಪೂಜೆ ಆಗಿ, ಬಂದವರಿಗೆಲ್ಲ ಊಟ ಬಡಿಸಿ, ಮತ್ತೆ ಚಂಡೆ. ಹರಕೆ ಹೇಳಿಕೊಂಡವರು ಸರದಿಗಾಗಿ ವರ್ಷಗಟ್ಟಲೆ ಕಾಯುವುದುಂಟು.

ನನ್ನ ಬಾಲ್ಯದ ಒಂದು ಸಂಗತಿ. ನನಗೆ ಜ್ವರ ಬಿಡದಿದ್ದಾಗ ಅಜ್ಜಿ ಒಂದು ಆಟ ಹೇಳಿಕೊಂಡರು. ಜ್ವರ ಬಿಟ್ಟಿತು, ದುಡ್ಡು ಒದಗಲಿಲ್ಲ. "ಹರಕಿ ಬಾಕಿ ಇಟ್ಕಂಡ್ ನಾ ಸಾಯುದಾ?" ಎಂದು ಅಜ್ಜಿ ದಿನಾ ಕಣ್ಣೀರು ಹಾಕುತ್ತಿದ್ದರು. ಅಪ್ಪಯ್ಯ ಬೈಲುಗದ್ದೆ ಅಡವಿಡಲು ಹೊರಟರು. ಆಗ ನೆರೆಮನೆಯ ಹಿರಿಯರೊಬ್ಬರು ಬಂದು, "ಹ್ವಾಯ್, ಗದ್ದಿ ಅಡವಿಡುದ್ ಬ್ಯಾಡ. ಹತ್ತು ಸಮಸ್ತರ ಹೆಸರಲ್ಲಿ ಆಡ್ಸುವ" ಎಂದರು. ಒಬ್ಬರು ಅಕ್ಕಿ ಕೊಟ್ಟರು, ಒಬ್ಬರು ತೆಂಗಿನಕಾಯಿ, ಮತ್ತೊಬ್ಬರು ಕಟ್ಟಿಗೆ. ಏನೂ ಇಲ್ಲದವರು ರಂಗಸ್ಥಳಕ್ಕೆ ಕಂಬ ಹೊತ್ತರು. ಎಂಟು ಮನೆಗಳ ಹರಕೆ ಒಂದೇ ರಾತ್ರಿಯಲ್ಲಿ ಸಂದಿತು. ಬೆಳಗಿನ ಜಾವ ಪ್ರಸಾದ ಕಣ್ಣಿಗೊತ್ತಿಕೊಂಡ ಅಜ್ಜಿಯ ಮುಖ ನಾನು ಮರೆತಿಲ್ಲ. ಗದ್ದೆ ಇಂದಿಗೂ ನಮ್ಮದೇ.

ಬಂಧುಗಳೇ, ನಮ್ಮ ದೇಶಕ್ಕೆ ಸಹಕಾರ ಸಂಘಗಳ ಕಾಯಿದೆ ಬಂದದ್ದು 1904ರಲ್ಲಿ. ಮೊಳಹಳ್ಳಿ ಶಿವರಾಯರಂಥವರು ಅವಿಭಜಿತ ದಕ್ಷಿಣ ಕನ್ನಡದಲ್ಲಿ ಅದನ್ನು ಬೇರೂರಿಸಿದರು. ಆದರೆ ಒಬ್ಬನ ಭಾರವನ್ನು ಹತ್ತು ಜನ ಹೊರುವ ಪಾಠ ನಮ್ಮ ಆಟದ ಬಯಲಿನಲ್ಲೂ ಇತ್ತು. ನಮ್ಮ ಸಂಘದ ಪಾಲುಬಂಡವಾಳದ ಒಳಗುಟ್ಟೂ ಅದೇ.

ಈಗ ಹರಕೆ ಆಟಕ್ಕೆ ಚಪ್ಪರ, ದೀಪಾಲಂಕಾರ, ಹತ್ತು ಬಗೆಯ ಪಕ್ವಾನ್ನ ಎಂದು ಖರ್ಚು ಬೆಳೆಯುತ್ತಿದೆ. ನೆರೆಮನೆಯವರಿಗಿಂತ ಕಡಿಮೆ ಆಗಬಾರದೆಂದು ಚಿನ್ನ ಅಡವಿಡುವವರೂ ಇದ್ದಾರೆ. ಸಾಲ ಕೊಡುವ ಸಂಘದ ಸದಸ್ಯನಾಗಿಯೇ ಹೇಳುತ್ತೇನೆ: ಇದಕ್ಕಾಗಿ ಸಾಲ ಮಾಡಬೇಡಿ. ಸಾಲ ಬೀಜಕ್ಕೆ ಇರಲಿ, ಹಟ್ಟಿಗೆ ಇರಲಿ, ಮಕ್ಕಳ ಓದಿಗೆ ಇರಲಿ. ಆಟಕ್ಕೆ ಹತ್ತು ಮನೆ ಕೂಡಿ. ಅಮ್ಮ ನಮ್ಮ ಭಕ್ತಿ ನೋಡುತ್ತಾಳೆ, ಚಪ್ಪರದ ಉದ್ದ ಅಳೆಯುವುದಿಲ್ಲ.

ಎಲ್ಲರಿಗೂ ಅಮ್ಮ ಒಳ್ಳೆಯದು ಮಾಡಲಿ.