ಹುಲಿಯ ಪಟ್ಟೆ, ಕಾಡಿನ ಲೆಕ್ಕ



ನಾಗರಹೊಳೆಯಲ್ಲಿ ಎಷ್ಟು ಹುಲಿಗಳಿವೆ? ರಜೆಗೆಂದು ನಾಡಿಗೆ ಹೋದಾಗ ಸಫಾರಿ ಜೀಪಿನಲ್ಲಿ ಕುಳಿತು ನಾವೆಲ್ಲ ಕೇಳುವ ಪ್ರಶ್ನೆಯಿದು. ಬಹುಕಾಲ ಇದಕ್ಕೆ ಉತ್ತರವನ್ನು ಹೆಜ್ಜೆಗುರುತುಗಳಲ್ಲಿ ಹುಡುಕಲಾಗುತ್ತಿತ್ತು. ಆದರೆ ಒಂದೇ ಹುಲಿಯ ಹೆಜ್ಜೆ ಮರಳಿನಲ್ಲಿ ಒಂದು ಬಗೆ, ಕೆಸರಿನಲ್ಲಿ ಇನ್ನೊಂದು ಬಗೆ. ಇಂಥ ಲೆಕ್ಕವನ್ನು ನಂಬಿದುದರ ಫಲವನ್ನು ರಾಜಸ್ಥಾನದ ಸರಿಸ್ಕಾ ತೋರಿಸಿತು. ಕಡತದಲ್ಲಿ ಹುಲಿಗಳಿದ್ದವು; 2005ರ ಹೊತ್ತಿಗೆ ಕಾಡಿನಲ್ಲಿ ಒಂದೂ ಇರಲಿಲ್ಲ.

ಡಾ. ಉಲ್ಲಾಸ ಕಾರಂತರು 1986ರಲ್ಲಿ ನಾಗರಹೊಳೆಯಲ್ಲಿ ಹುಲಿಗಳ ಅಧ್ಯಯನವನ್ನು ಆರಂಭಿಸಿದರು. ನಮ್ಮ ಬೆರಳಚ್ಚಿನಂತೆ ಪ್ರತಿಯೊಂದು ಹುಲಿಯ ಪಟ್ಟೆಯೂ ಬೇರೆ. ಕಾಡುದಾರಿಯಲ್ಲಿಟ್ಟ ಕ್ಯಾಮೆರಾಗಳಿಗೆ ಅದೇ ಹುಲಿ ಎಷ್ಟು ಬಾರಿ ಮರಳಿ ಸಿಕ್ಕಿತೆಂಬುದರಿಂದ, ಒಮ್ಮೆಯೂ ಸಿಗದ ಹುಲಿಗಳ ಸಂಖ್ಯೆಯನ್ನೂ ಅಂದಾಜು ಮಾಡಬಹುದು. ಈ ಗಣಿತದಲ್ಲಿ ಅವರಿಗೆ ಜೊತೆಯಾದವರು ಅಮೆರಿಕದ ವಿಜ್ಞಾನಿ ಜೇಮ್ಸ್ ನಿಕೋಲ್ಸ್; ನೆರವಾದುದು ನ್ಯೂಯಾರ್ಕಿನ ವನ್ಯಜೀವಿ ಸಂರಕ್ಷಣಾ ಸಂಸ್ಥೆ.

ಹುಲಿಗೆ ರಾಜ್ಯಗಳ ಗಡಿ ತಿಳಿಯದು. ನಾಗರಹೊಳೆ, ಬಂಡೀಪುರ, ತಮಿಳುನಾಡಿನ ಮುದುಮಲೆ, ಕೇರಳದ ವಯನಾಡು ಅದಕ್ಕೆ ಒಂದೇ ಕಾಡು. ಆದಕಾರಣವೇ 2009ರಲ್ಲಿ ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿಯ ಸಂಚಾರಕ್ಕೆ ತಡೆ ಬಂದಿತು. ಅದರ ತೊಂದರೆಯನ್ನು ಅನುಭವಿಸಿದವರು ವಯನಾಡಿನ ಜನ. ಭದ್ರಾ ಅಭಯಾರಣ್ಯದಿಂದ 2001–02ರ ಸುಮಾರಿಗೆ 400ಕ್ಕೂ ಹೆಚ್ಚು ಕುಟುಂಬಗಳು ಭೂಮಿ ಪಡೆದು ಹೊರಬಂದವು. ಊರು ಬಿಡುವುದೆಂದರೇನೆಂದು ನಾವು ಬಲ್ಲೆವು. ಆದರೆ ನಾವು ಬಿಟ್ಟುಬಂದ ಊರು ಇನ್ನೂ ಇದೆ. ಅವರ ಊರು ಈಗ ಕಾಡು.

ನಮ್ಮ ಮಿಷಿಗನ್ನಿನ ಉತ್ತರದಲ್ಲಿಯೂ ಇಂಥದೇ ಒಂದು ಕತೆಯಿದೆ. ಕರ್ಟ್‌ಲೆಂಡ್ ವಾರ್ಬ್ಲರ್ ಎಂಬ ಪುಟ್ಟ ಹಕ್ಕಿ ಎಳೆಯ ಜ್ಯಾಕ್ ಪೈನ್ ಮರಗಳ ನಡುವೆ ಮಾತ್ರ ಗೂಡು ಕಟ್ಟುತ್ತದೆ. ಚಳಿಗಾಲವನ್ನು ಬಹಾಮಾ ದ್ವೀಪಗಳಲ್ಲಿ ಕಳೆಯುತ್ತದೆ. ಕಾಗೆಯ ಗೂಡಿನಲ್ಲಿ ಕೋಗಿಲೆ ಮೊಟ್ಟೆಯಿಡುವಂತೆ ಕೌಬರ್ಡ್ ಎಂಬ ಹಕ್ಕಿ ಇದರ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. 1987ರ ಗಣತಿಯಲ್ಲಿ ಹಾಡುವ ಗಂಡು ಹಕ್ಕಿಗಳು 167 ಮಾತ್ರ. ಅರಣ್ಯ ಇಲಾಖೆಗಳು, ವಿಜ್ಞಾನಿಗಳು, ಊರಿನವರು ಕೂಡಿ ಮರ ನೆಟ್ಟರು, ಕೌಬರ್ಡ್‌ಗಳನ್ನು ಹಿಡಿದರು. 2019ರಲ್ಲಿ ಈ ಹಕ್ಕಿ ಅಳಿವಿನಂಚಿನ ಪಟ್ಟಿಯಿಂದ ಹೊರಬಂದಿತು.

ಬಂಧುಗಳೇ, ನಾಡಿನ ಕಾಡಿಗೆ ನೆರವಾಗಬೇಕೆಂಬ ಆಸೆ ನಮ್ಮಲ್ಲಿ ಅನೇಕರಿಗಿದೆ. ದೇಣಿಗೆಯ ಚೆಕ್ ಬರೆಯುವ ಮುನ್ನ ಎರಡು ಪ್ರಶ್ನೆ ಕೇಳೋಣ: ಪ್ರಾಣಿಗಳನ್ನು ಎಣಿಸಿದ್ದು ಹೇಗೆ? ಕಾಡಂಚಿನ ರೈತನ ನಷ್ಟವನ್ನು ತುಂಬುವವರು ಯಾರು? ಎರಡಕ್ಕೂ ಉತ್ತರವಿರುವ ಕೆಲಸಕ್ಕೆ ನಮ್ಮ ಕೈಲಾದುದನ್ನು ಸಲ್ಲಿಸೋಣ.