ಗೋಬರ್ ಗ್ಯಾಸ್ ಗುಂಡಿಗೂ ಹದವಾದ ಊಟ ಬೇಕು
(ಸ್ವಸಹಾಯ ಸಂಘಗಳ ಸಭೆಯಲ್ಲಿ ನೀಡಿದ ಮಾಹಿತಿ)



ಹಿಂದಿನ ಒಂದು ಸಭೆಯಲ್ಲಿ ಒಬ್ಬ ಅಕ್ಕ ಎದ್ದು ನಿಂತು, "ಮೇಡಂ, ಸಂಘದಿಂದ ಸಾಲ ತೆಗೆದು ಗೋಬರ್ ಗ್ಯಾಸ್ ಕಟ್ಟಿಸಿದೆ. ಈಗ ಒಲೆ ಹೊತ್ತಲ್ಲ, ಪುನಃ ಸೌದೆಗೆ ಹೋಗ್ತಾ ಇದ್ದೇನೆ. ಕಂತು ಮಾತ್ರ ನಿಲ್ಲಲ್ಲ" ಅಂದರು. ಎಲ್ಲರೂ ನಕ್ಕರು, ಅವರು ನಗಲಿಲ್ಲ.

ಮನೆಗೆ ಹೋಗಿ ನೋಡಿದೆ. ಪೈಪು ಸೋರುತ್ತಿರಲಿಲ್ಲ. ಗ್ಯಾಸೂ ಇತ್ತು, ಆದರೆ ಹೊತ್ತಿಕೊಳ್ಳುತ್ತಿರಲಿಲ್ಲ. ಹೊರಬರುವ ಬಗ್ಗಡ ಹುಳಿ ನಾರುತ್ತಿತ್ತು. ಕೇಳಿದಾಗ ಗೊತ್ತಾಯಿತು, ಮಗಳ ಮದುವೆಯಲ್ಲಿ ಉಳಿದ ಅನ್ನ, ಪಾಯಸ ಎಲ್ಲವನ್ನೂ ಎರಡೇ ದಿನದಲ್ಲಿ ಗುಂಡಿಗೆ ಸುರಿದಿದ್ದರು.

ಗ್ಯಾಸ್ ಮಾಡುವುದು ಸಗಣಿಯಲ್ಲ, ಅದರೊಳಗಿನ ಕಣ್ಣಿಗೆ ಕಾಣದ ಜೀವಿಗಳು. ಮುಖ್ಯವಾಗಿ ಎರಡು ತಂಡ. ಮೊದಲನೆಯದು ಹಾಕಿದ್ದನ್ನು ಕರಗಿಸಿ ಹುಳಿ ಮಾಡುತ್ತದೆ. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಿಗ್ಗೆ ಹುಳಿ ಬರುವ ಹಾಗೆ ಇವುಗಳ ಕೆಲಸ ಬಲು ಚುರುಕು. ಎರಡನೆಯ ತಂಡ ಆ ಹುಳಿಯನ್ನು ತಿಂದು ಉರಿಯುವ ಮೀಥೇನ್ ಕೊಡುತ್ತದೆ. ಇವು ನಿಧಾನ, ಸಂಖ್ಯೆ ಹೆಚ್ಚಲು ದಿನಗಳೇ ಬೇಕು. ಅನ್ನ, ಸಿಹಿ ಒಮ್ಮೆಗೇ ಬಿದ್ದರೆ ಮೊದಲನೆಯವು ಹುಳಿ ಮಾಡುತ್ತಾ ಹೋಗುತ್ತವೆ, ಎರಡನೆಯವು ತಿಂದು ಮುಗಿಸಲಾರದೆ ಅದೇ ಹುಳಿಯಲ್ಲಿ ಸೋಲುತ್ತವೆ. ಆಗ ಬರುವ ಗ್ಯಾಸಿನಲ್ಲಿ ಹೆಚ್ಚಿನದು ಇಂಗಾಲದ ಡೈಆಕ್ಸೈಡ್. ಅದು ಉರಿಯಲ್ಲ.

ಇನ್ನು ಊಟದ ಹದ. ನಮಗೆ ಅನ್ನದ ಜೊತೆ ಬೇಳೆ ಬೇಕಾದಂತೆ ಅವುಗಳಿಗೆ ಇಂಗಾಲದ ಜೊತೆ ಸಾರಜನಕ ಬೇಕು. 1 ಪಾಲು ಸಾರಜನಕಕ್ಕೆ 20ರಿಂದ 30 ಪಾಲು ಇಂಗಾಲ ಇದ್ದರೆ ಒಳ್ಳೆಯದು. ದನದ ಸಗಣಿಯಲ್ಲಿ ಇದು ಸುಮಾರು 25. ಭತ್ತದ ಹುಲ್ಲಿನಲ್ಲಿ 70ರ ಆಸುಪಾಸು, ಹಾಗಾಗಿ ಬರೀ ಹುಲ್ಲು ಹಾಕಿದರೆ ಜೀವಿಗಳು ಬೆಳೆಯುವುದಿಲ್ಲ. ಕೋಳಿ ಹಿಕ್ಕೆಯಲ್ಲಿ ಸುಮಾರು 10. "ಕೋಳಿ ಗೊಬ್ಬರಕ್ಕೆ ಜಾಸ್ತಿ ಶಕ್ತಿ, ಅದನ್ನೇ ಹಾಕುವಾ" ಅನ್ನಬೇಡಿ. ಹೆಚ್ಚಾದ ಸಾರಜನಕ ಅಮೋನಿಯಾ ಆಗಿ, ಮೀಥೇನ್ ಮಾಡುವ ಜೀವಿಗಳನ್ನೇ ಮೊದಲು ಕುಗ್ಗಿಸುತ್ತದೆ. ಮೂಗಿಗೆ ಘಾಟು ಹೊಡೆದರೆ ಅದೇ. ಸ್ವಲ್ಪ ಹಿಕ್ಕೆಯನ್ನು ಸಗಣಿಯ ಜೊತೆ ಕಲಸಿ ಹಾಕಿದರೆ ತೊಂದರೆ ಇಲ್ಲ.

ಸಾರಿಗೆ ಉಪ್ಪು ಬೇಕಲ್ಲ, ಹಾಗೆ ಅವುಗಳಿಗೂ ಕಬ್ಬಿಣ, ನಿಕ್ಕಲ್, ಕೋಬಾಲ್ಟ್ ಚಿಟಿಕೆಗಿಂತಲೂ ಕಡಿಮೆ ಬೇಕು. ನೀವು ಅಂಗಡಿಗೆ ಹೋಗಬೇಕಾಗಿಲ್ಲ, ಸಗಣಿಯಲ್ಲೇ ಇದೆ. ಆದರೆ ತಿಂಗಳುಗಟ್ಟಲೆ ಬರೀ ಅಡಿಗೆಮನೆಯ ಕಸ ಹಾಕುವ ಗುಂಡಿಯಲ್ಲಿ ಇವು ಕಡಿಮೆಯಾಗಿ ಗ್ಯಾಸ್ ಇಳಿಯಬಹುದು. ಅದಕ್ಕೇ ದನ ಮಾರಿದ ಮನೆಯವರೂ ನೆರೆಮನೆಯಿಂದ ಆಗಾಗ ಒಂದು ಬುಟ್ಟಿ ಸಗಣಿ ತಂದು ಹಾಕುವುದು ಒಳ್ಳೆಯದು. ಫಿನಾಯಿಲ್, ಸೋಪಿನ ನೀರು ಬೇಡವೇ ಬೇಡ. ಕೆಚ್ಚಲು ಬಾವಿಗೆ ಆ್ಯಂಟಿಬಯೋಟಿಕ್ ಕೊಟ್ಟ ಹಸುವಿನ ಸಗಣಿಯನ್ನೂ ಕೆಲವು ದಿನ ಬೇರೆ ಇಡಿ.

ಆ ಅಕ್ಕನಿಗೆ ಒಂದು ವಾರ ಏನೂ ಹಾಕಬೇಡಿ ಅಂದೆವು. ನಂತರ ಚೆನ್ನಾಗಿ ಉರಿಯುವ ಪಕ್ಕದ ಮನೆಯ ಘಟಕದಿಂದ, ಹೆಪ್ಪು ತಂದ ಹಾಗೆ, ಹತ್ತು ಕೊಡ ಬಗ್ಗಡ ತಂದು ಹಾಕಿಸಿದೆವು. ಆಮೇಲೆ ದಿನಕ್ಕೆ ಎರಡು ಬುಟ್ಟಿ ಸಗಣಿ, ಅಷ್ಟೇ ನೀರು, ಮೆಲ್ಲ ಮೆಲ್ಲ ಹೆಚ್ಚಿಸುತ್ತಾ. ಸುಣ್ಣ ಹಾಕಲಾ ಅಂತ ಕೇಳಿದರು. ಬೇಡ ಅಂದೆ, ಊಟ ಸರಿಪಡಿಸದೆ ಸುಣ್ಣ ಹಾಕಿದರೆ ನಾಲ್ಕು ದಿನಕ್ಕೆ ಮತ್ತೆ ಅದೇ ಕಥೆ. ಮೂರು ವಾರ ಕಳೆದ ಮೇಲೆ ಒಂದು ಸಂಜೆ ಒಲೆಯಲ್ಲಿ ನೀಲಿ ಉರಿ ಬಂತು. ಮೊದಲು ಕಾಯಿಸಿದ್ದು ಚಹಾದ ನೀರು. ನನಗೂ ಒಂದು ಲೋಟ ಸಿಕ್ಕಿತು.