ಕೈಗೆ ಬರುವ ಸಂಬಳ ಎಷ್ಟು?



ನಿಮ್ಮಲ್ಲಿ ಅನೇಕರು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತೀರಿ. ಕತ್ತಲಲ್ಲೇ ಎದ್ದು ಅಡುಗೆ ಮಾಡಿ, ಬುತ್ತಿ ಕಟ್ಟಿಕೊಂಡು ಗೇಟಿಗೆ ಓಡುತ್ತೀರಿ. ತಿಂಗಳು ಪೂರ್ತಿ ದುಡಿಯುತ್ತೀರಿ. ಸೇರುವಾಗ ಹದಿಮೂರು ಸಾವಿರ ಅಂದಿದ್ದರು. ಬ್ಯಾಂಕಿಗೆ ಬಂದದ್ದು ಹನ್ನೊಂದು ಸಾವಿರದ ಚಿಲ್ಲರೆ. ಮಿಕ್ಕಿದ್ದು ಎಲ್ಲಿ ಹೋಯ್ತು ಅಂತ ಕೇಳಿದರೆ, "ಕಟಿಂಗ್ ಆಗಿದೆ ಹೋಗಮ್ಮಾ" ಅನ್ನುತ್ತಾರೆ. ಅದು ಉತ್ತರವಲ್ಲ. ಯಾವುದಕ್ಕೆ ಕಟಿಂಗ್? ಎಷ್ಟು? ಯಾರ ಹೆಸರಿಗೆ? ಇವತ್ತು ಆ ಲೆಕ್ಕ ಮಾಡೋಣ.

ಸಂಬಳದ ಚೀಟಿಯಲ್ಲಿ ಎರಡು ಕಡೆ ಇರುತ್ತವೆ. ಒಂದು ಕಡೆ ಗಳಿಕೆ. ಇನ್ನೊಂದು ಕಡೆ ಕಡಿತ. ಗಳಿಕೆಯಲ್ಲಿ ಮೂಲ ವೇತನ, ತುಟ್ಟಿಭತ್ಯೆ ಅಂತ ಬರೆದಿರುತ್ತದೆ. ಸಾಮಾನಿನ ಬೆಲೆ ಏರಿದಾಗ ಕೊಡುವುದು ತುಟ್ಟಿಭತ್ಯೆ. ಎರಡೂ ಸೇರಿ 13,000 ರೂಪಾಯಿ ಅಂತ ಇಟ್ಟುಕೊಳ್ಳೋಣ.

ಕಡಿತದಲ್ಲಿ ಮೊದಲು ಬರುವುದು ಪಿ.ಎಫ್. ಅಂದರೆ ಭವಿಷ್ಯ ನಿಧಿ. ಇದು ಕೇಂದ್ರ ಸರ್ಕಾರದ ವ್ಯವಸ್ಥೆ. 1952ರಿಂದ ಇದೆ. ನೂರು ರೂಪಾಯಿಗೆ 12 ರೂಪಾಯಿ ಹಿಡಿಯುತ್ತಾರೆ. ಹದಿಮೂರು ಸಾವಿರದಲ್ಲಿ ನೂರು ಎಷ್ಟು ಸಲ ಇದೆ? 130 ಸಲ. 130ನ್ನು 12ರಿಂದ ಗುಣಿಸಿ. 1,560 ರೂಪಾಯಿ ಆಯಿತು.

ಎರಡನೆಯದು ಇ.ಎಸ್.ಐ. ಇದೂ ಕೇಂದ್ರದ್ದೇ. ಕಾಯಿಲೆ, ಹೆರಿಗೆ, ಕೆಲಸದ ಜಾಗದಲ್ಲಿ ಪೆಟ್ಟು, ಇಂಥದ್ದಕ್ಕೆ ಆಗುವ ವಿಮೆ. 2019ರ ಜುಲೈನಿಂದ ನೂರಕ್ಕೆ 75 ಪೈಸೆ ಹಿಡಿಯುತ್ತಾರೆ. ಅದಕ್ಕೂ ಮೊದಲು ಒಂದೂಮುಕ್ಕಾಲು ರೂಪಾಯಿ ಇತ್ತು. ನಮ್ಮ ಲೆಕ್ಕಕ್ಕೆ 97 ರೂಪಾಯಿ 50 ಪೈಸೆ ಬರುತ್ತದೆ. ಪೈಸೆ ಬಂದರೆ ಮುಂದಿನ ರೂಪಾಯಿಗೆ ಏರಿಸುತ್ತಾರೆ. ಹಾಗಾಗಿ 98.

ಈಗ ಕೂಡಿ, ಕಳೆಯಿರಿ. 1,560ಕ್ಕೆ 98 ಕೂಡಿದರೆ 1,658. ಹದಿಮೂರು ಸಾವಿರದಲ್ಲಿ ಅದನ್ನು ಕಳೆದರೆ 11,342 ರೂಪಾಯಿ. ಇದು ನಿಮ್ಮ ಕೈಗೆ ಬರಬೇಕಾದ ಹಣ.

ರಾಜ್ಯ ಸರ್ಕಾರದ್ದು ಏನೂ ಇಲ್ಲವೇ? ಇದೆ. ಅದು ವೃತ್ತಿ ತೆರಿಗೆ. ಆದರೆ 2023ರ ಏಪ್ರಿಲ್‌ನಿಂದ ತಿಂಗಳಿಗೆ 25,000ಕ್ಕಿಂತ ಕಡಿಮೆ ಸಂಬಳದವರಿಗೆ ಅದು ಇಲ್ಲ. ಹಿಂದೆ 15,000ಕ್ಕೇ ಶುರುವಾಗುತ್ತಿತ್ತು. ನಿಮ್ಮ ಚೀಟಿಯಲ್ಲಿ ವೃತ್ತಿ ತೆರಿಗೆ 200 ಅಂತ ಕಂಡರೆ ಬಿಡಬೇಡಿ, ಕೇಳಿ. ಕಾರ್ಮಿಕ ಕಲ್ಯಾಣ ನಿಧಿಗೆ ಮಾತ್ರ ಒಂದು ಸಣ್ಣ ಮೊತ್ತ ಹೋಗುತ್ತದೆ. ಅದೂ ವರ್ಷಕ್ಕೆ ಒಂದೇ ಸಲ. ಈ ಸಂಬಳಕ್ಕೆ ಆದಾಯ ತೆರಿಗೆಯ ಮಾತೇ ಇಲ್ಲ.

ರಜೆ ಹಾಕಿದ ತಿಂಗಳು ಲೆಕ್ಕ ಬದಲಾಗುತ್ತದೆ. ಹದಿಮೂರು ಸಾವಿರವನ್ನು 26 ದಿನಕ್ಕೆ ಹಂಚಿದರೆ ದಿನಕ್ಕೆ 500. ಮಗುವಿಗೆ ಜ್ವರ ಅಂತ ಎರಡು ದಿನ ಸಂಬಳವಿಲ್ಲದ ರಜೆ ಹಾಕಿದಿರಿ ಅನ್ನಿ. ಗಳಿಕೆ 12,000ಕ್ಕೆ ಇಳಿಯುತ್ತದೆ. ಆಗ ಪಿ.ಎಫ್. ಕೂಡ ಇಳಿಯಬೇಕು. 1,440 ಆಗಬೇಕು. ಇ.ಎಸ್.ಐ. 90 ಆಗಬೇಕು. ಕೈಗೆ 10,470. ಗಳಿಕೆ ಇಳಿದರೂ ಕಡಿತ ಹಾಗೇ ಇದ್ದರೆ ಲೆಕ್ಕ ತಪ್ಪಿದೆ ಅಂತ ತಿಳಿಯಿರಿ.

ಚೀಟಿ ಬರುವ ಮೊದಲೇ ಅಂದಾಜು ಬೇಕಾ? ಸಾವಿರಕ್ಕೆ 870 ಅಂತ ಇಟ್ಟುಕೊಳ್ಳಿ. ಹದಿಮೂರು ಸಾವಿರಕ್ಕೆ 11,310. ನಿಜವಾದ ಲೆಕ್ಕಕ್ಕಿಂತ ಬರೀ 32 ರೂಪಾಯಿ ಕಡಿಮೆ. ಚೀಟಿ ಹಣ, ಬಾಡಿಗೆ, ಸಂಘದ ಕಂತು ಎಲ್ಲ ಹೊಂದಿಸಿಕೊಳ್ಳಲು ಇಷ್ಟು ಸಾಕು.

"ದುಡಿದದ್ದು ನಾವು, ಯಾಕೆ ಕತ್ತರಿಸಬೇಕು?" ಅಂತ ಕೆಲವರು ಕೇಳುತ್ತೀರಿ. ಒಳ್ಳೇ ಪ್ರಶ್ನೆ. ಪಿ.ಎಫ್. ತೆರಿಗೆ ಅಲ್ಲ. ಅದು ನಿಮ್ಮದೇ ಹಣ, ನಿಮ್ಮದೇ ಹೆಸರಲ್ಲಿ ಇರುತ್ತದೆ, ಬಡ್ಡಿಯೂ ಸೇರುತ್ತದೆ. ನೀವು 1,560 ಕೊಟ್ಟರೆ ಕಂಪನಿಯೂ 1,560 ಹಾಕಬೇಕು. ಅದರಲ್ಲಿ 1,083 ಪಿಂಚಣಿಗೆ ಹೋಗುತ್ತದೆ. 477 ನಿಮ್ಮ ಖಾತೆಗೆ ಬರುತ್ತದೆ. ಇ.ಎಸ್.ಐ.ಗೂ ಕಂಪನಿ ನೂರಕ್ಕೆ ಮೂರೂಕಾಲು ರೂಪಾಯಿ ಕಟ್ಟಬೇಕು. ಕಂಪನಿಯ ಪಾಲನ್ನು ನಿಮ್ಮ ಸಂಬಳದಲ್ಲಿ ಹಿಡಿಯುವಂತಿಲ್ಲ. ಪಿ.ಎಫ್. ಎದುರು 3,120 ಅಂತ ಇದ್ದರೆ ಅವರ ಪಾಲನ್ನೂ ನಿಮ್ಮಿಂದಲೇ ಕಿತ್ತಿದ್ದಾರೆ ಅಂತ ಅರ್ಥ.

ಈ ಹಣದ ಬೆಲೆ ಏನು ಅಂತ ಬೆಂಗಳೂರಿನ ಹೆಂಗಸರು 2016ರಲ್ಲಿ ತೋರಿಸಿದರು. ಕಂಪನಿ ಹಾಕಿದ ಪಾಲನ್ನು 58 ವರ್ಷ ತುಂಬುವ ತನಕ ತೆಗೆಯುವ ಹಾಗಿಲ್ಲ ಅಂತ ಆ ವರ್ಷ ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ಏಪ್ರಿಲ್ 18ರಂದು ಗಾರ್ಮೆಂಟ್ಸ್ ಹೆಂಗಸರು ಮೆಷಿನ್ ಬಿಟ್ಟು ಬೀದಿಗೆ ಬಂದರು. ಹೊಸೂರು ರಸ್ತೆ ತುಂಬಿಹೋಯಿತು. 19ರಂದು ಸರ್ಕಾರ ನಿಯಮ ವಾಪಸು ತೆಗೆದುಕೊಂಡಿತು. ಕಲ್ಲು, ಬೆಂಕಿ, ಲಾಠಿ ಕೂಡ ಆಯಿತು. ಅದು ಆಗಬಾರದಿತ್ತು. ಆದರೆ ಮಗಳ ಮದುವೆಗೋ ಸಾಲ ತೀರಿಸಲಿಕ್ಕೋ ನಂಬಿಕೊಂಡಿದ್ದ ದುಡ್ಡು ಅದು.

ಇ.ಎಸ್.ಐ. ವಿಷಯ ಹೇಳಲೇಬೇಕು. 98 ರೂಪಾಯಿ ದಂಡ ಅಂತ ಗೊಣಗುತ್ತಾರೆ. ಮೊದಲ ಎರಡು ಹೆರಿಗೆಗೆ 26 ವಾರ ಸಂಬಳದ ಹಣ ಸಿಗುವುದು ಇದರಿಂದಲೇ. ಅದಕ್ಕೆ ಹಿಂದಿನ ದಿನಗಳ ಕಂತು ಕಟ್ಟಿರಬೇಕು. ಆದ್ದರಿಂದ ಚೀಟಿಯಲ್ಲಿ ಹಿಡಿದದ್ದು ಅಲ್ಲಿ ಜಮಾ ಆಗಿದೆಯಾ ಅನ್ನೋದು ಮುಖ್ಯ. ಹಿಡಿದು ಕಟ್ಟದೇ ಇರುವವರೂ ಇದ್ದಾರೆ. ಹಾಗಾದರೆ ಆಸ್ಪತ್ರೆ ಬಾಗಿಲಲ್ಲಿ ನಿಂತಾಗಲೇ ಗೊತ್ತಾಗೋದು.

ಪಿ.ಎಫ್.ಗೆ 12 ಅಂಕಿಯ ಯು.ಎ.ಎನ್. ನಂಬರ್ ಇರುತ್ತದೆ. ಕಂಪನಿ ಬಿಟ್ಟರೂ ನಂಬರ್ ಅದೇ. ಹೊಸ ಕಂಪನಿಗೆ ಅದನ್ನೇ ಕೊಡಿ. ಕೆಲಸ ಬಿಟ್ಟಾಗಲೆಲ್ಲ ಹಣ ಪೂರ್ತಿ ತೆಗೆದುಬಿಡುವುದು ನನಗೆ ಸರಿ ಕಾಣುವುದಿಲ್ಲ. ತಿಂಗಳ ಪಿಂಚಣಿಗೆ ಒಟ್ಟು 10 ವರ್ಷದ ಕೆಲಸ ಬೇಕು. ಪಿಂಚಣಿ ಹಣವನ್ನೂ ತೆಗೆದರೆ ಆ ವರ್ಷಗಳು ಲೆಕ್ಕದಿಂದ ಹೋಗುತ್ತವೆ.

ಈಗ ಚೀಟಿ ತಂದವರು ಹೊರಗೆ ತೆಗೆಯಿರಿ. ತರದವರು ಪಕ್ಕದವರ ಜೊತೆ ಕೂತುಕೊಳ್ಳಿ. ಮೊದಲು ಗಳಿಕೆಯ ಮೊತ್ತಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಆಮೇಲೆ ಪಿ.ಎಫ್. ಎದುರಿನ ಅಂಕಿ ಗಟ್ಟಿಯಾಗಿ ಓದಿ. ಯಾರು ಮೊದಲು ಓದುತ್ತೀರಿ?